ಮೂರು ಬೆರಳಿನ ಹಕ್ಕಿ

ಆ ಗಡಿಯಾರ ಕೆತ್ತನೆಯ ಅಂಗಡಿಗೆ ಬಂದಾಗ ಅದಕ್ಕೆ ಮುಚ್ಚಳವೇ ಇರಲಿಲ್ಲ. ಹಳೇ ಸಾಮಾನಿನ ವ್ಯಾಪಾರಿ ಅದನ್ನು ಮಖಮಲ್ಲಿನ ತುಂಡಿನಲ್ಲಿ ಸುತ್ತಿ ತಂದು ಮೇಜಿನ ಮೇಲೆ ಬಿಚ್ಚಿದ. ಅಂಗೈ ತುಂಬುವಂಥ ಚಿನ್ನದ ಜೇಬು ಗಡಿಯಾರ. ಬೆನ್ನಿನ ಮೇಲೆಲ್ಲ ಬಳ್ಳಿ, ಎಲೆ, ಮೊಗ್ಗು. ಇನ್ನೂರು ವರ್ಷಗಳ ಹಿಂದೆ ಹಡಗುಗಳ ಒಡೆಯನೊಬ್ಬ ಹೆಸರಾಂತ ಗುರುವೊಬ್ಬನ ಕೈಲಿ ಮಾಡಿಸಿಕೊಂಡದ್ದಂತೆ. ಮಗ, ಮೊಮ್ಮಗ, ಮರಿಮಗ ಎಂದು ಕೈ ದಾಟುವಷ್ಟರಲ್ಲಿ ಹಡಗುಗಳೆಲ್ಲ ಪರರ ಪಾಲಾಗಿ, ಕೊನೆಯವನೊಬ್ಬ ಮುಚ್ಚಳವನ್ನು ಕಿತ್ತು, ಕರಗಿಸಿ, ಕುಡಿದು ಮುಗಿಸಿದ್ದ. ಆ ಮುಚ್ಚಳದ್ದೆಂದು ಉಳಿದದ್ದು ಒಂದು ಮಸುಕು ಫೋಟೋ. ಅದರಲ್ಲಿ ಯಾರೋ ಮುದುಕ ಗಡಿಯಾರ ಹಿಡಿದು ಕೂತಿದ್ದ. ಮುಚ್ಚಳದ ಮೇಲೆ ಹಕ್ಕಿಯಂಥದ್ದೇನೋ ಇತ್ತು.

“ಹಳೇದ್ಯಾವುದು ಹೊಸದ್ಯಾವುದು ಅಂತ ಗೊತ್ತಾಗಬಾರದು ಯಜಮಾನ್ರೇ. ನಿಮ್ಮ ಕೈಲಿ ಮಾತ್ರ ಆಗೋ ಕೆಲಸ ಇದು,” ಎಂದ ವ್ಯಾಪಾರಿ.

“ಆಗಲಿ, ಬಿಟ್ಟು ಹೋಗಿ,” ಎಂದ ಯಜಮಾನ. ಅವನ ಎರಡೂ ಕೈ ಮೇಜಿನ ಕೆಳಗಿದ್ದವು.

ಆ ಕೈಗಳಿಗೆ ನಡುಕ ಹತ್ತಿ ಆಗಲೇ ಆರು ವರ್ಷ. ಸಂಗತಿ ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೇ. ಅವಳ ಅಪ್ಪನೂ ಚಿನ್ನದ ಮೇಲೆ ಕೆತ್ತುವವನು. ಗಂಡು ಮಕ್ಕಳಿಲ್ಲದ್ದಕ್ಕೆ ಮಗಳ ಕೈಗೇ ಉಳಿ ಕೊಟ್ಟು ಕಲಿಸಿದ್ದ. ಆಮೇಲೆ ತನ್ನ ಶಿಷ್ಯನಿಗೇ ಅವಳನ್ನು ಕೊಟ್ಟು, ಅಂಗಡಿಯನ್ನೂ ಕೊಟ್ಟು ಕಣ್ಣು ಮುಚ್ಚಿದ. ಕೆಲಸ ಮಗಳಿಗೆ ಬಂತು, ಬೋರ್ಡು ಅಳಿಯನದಾಯಿತು.

ಗಂಡನ ಕೈ ಕೆಟ್ಟ ಮೇಲೆ ಮೊದಮೊದಲು ಉಂಗುರದ ಅಕ್ಷರಗಳನ್ನಷ್ಟೇ ಅವಳು ಕೆತ್ತಿದಳು, ಬರಬರುತ್ತ ಎಲ್ಲವನ್ನೂ. ಕೆತ್ತುವ ಮೇಜು ಬೀದಿಬಾಗಿಲಿನಿಂದ ನೇರ ಕಾಣುತ್ತಿತ್ತು. ಬಾಗಿಲ ಗಂಟೆ ಸದ್ದಾದ ಕೂಡಲೇ ಅವಳು ಎದ್ದು ಒಳಗೆ ಹೋಗಿ ಸೌಟು ಹಿಡಿಯಬೇಕು, ಗಂಡ ಬಂದು ಅವಳ ಬಿಸಿ ಆರದ ಕುರ್ಚಿಯಲ್ಲಿ ಕೂರಬೇಕು.

“ಜನಕ್ಕೆ ಗೊತ್ತಾದ್ರೆ ಈ ಕಡೆ ಯಾರು ತಲೆ ಹಾಕ್ತಾರೆ ಹೇಳು?” ಅನ್ನುತ್ತಿದ್ದ ಅವನು. ಮನೆ ನಡೆಯಬೇಕಲ್ಲ ಎಂದು ಅವಳೂ ತಲೆಯಾಡಿಸಿದ್ದಳು.

ಆ ಮುಚ್ಚಳಕ್ಕೆ ನಾಲ್ಕು ತಿಂಗಳು ಹಿಡಿಯಿತು. ಫೋಟೋದ ಹಕ್ಕಿಗೆ ತಲೆಯಿರಲಿಲ್ಲ, ಬಾಲವಿರಲಿಲ್ಲ. ಎಲ್ಲವನ್ನೂ ಅವಳೇ ಹುಟ್ಟಿಸಬೇಕಾಯಿತು. ಕತ್ತು ಹಿಂದಕ್ಕೆ ತಿರುಗಿಸಿ ಏನನ್ನೋ ಆಲಿಸುವ ಹಕ್ಕಿ ಮಾಡಿದಳು. ಗರಿಯ ಎಳೆಗಳನ್ನು ಕೂದಲಿಗಿಂತ ಸಣ್ಣಗೆ ಎಳೆದಳು. ಕಾಲಿನ ಮೂರು ಬೆರಳು ಮುಗಿಸಿ ಹಿಂಬೆರಳಿಗೆ ಉಳಿ ಇಟ್ಟಿದ್ದಳು, ಅಷ್ಟರಲ್ಲಿ ಬಾಗಿಲ ಗಂಟೆ ಆಯಿತು. ಮೈ ಬೆಚ್ಚಿತು, ಉಳಿ ಜಾರಿ ಗೀರೆದ್ದಿತು. ಬಂದವರು ವಿಳಾಸ ಕೇಳಲು ಬಂದವರು. ಆ ಗೀರಿನ ಮೇಲೆ ಅವಳು ಒಂದು ಎಲೆ ಕೆತ್ತಿ ಮುಚ್ಚಿದಳು. ಹಕ್ಕಿ ಮೂರೇ ಬೆರಳಲ್ಲಿ ನಿಂತಿತು.

ಹನ್ನೊಂದು ವರ್ಷಗಳ ನಂತರ ಆ ಗಡಿಯಾರ ಊರಿನ ವಸ್ತುಸಂಗ್ರಹಾಲಯಕ್ಕೆ ಬಂದಿದೆಯೆಂದು ಪತ್ರಿಕೆಯಲ್ಲಿ ಓದಿ, ಹಟ ಹಿಡಿದು ಗಂಡನನ್ನು ಹೊರಡಿಸಿದಳು. ಗಾಜಿನ ಪೆಟ್ಟಿಗೆಯೊಳಗೆ ಮುಚ್ಚಳ ಅರ್ಧ ತೆರೆದು ನಿಲ್ಲಿಸಿದ್ದರು. ಕನ್ನಡಕದ ತಜ್ಞನೊಬ್ಬ ಹತ್ತಾರು ಮಂದಿಗೆ ವಿವರಿಸುತ್ತಿದ್ದ. “ಬೆನ್ನಿನ ಕೆಲಸ ಶಿಷ್ಯರದ್ದಿರಬಹುದು. ಮುಚ್ಚಳ ಮಾತ್ರ ಸಾಕ್ಷಾತ್ ಗುರುವಿನದೇ. ಈ ಹಕ್ಕಿ ನೋಡಿ. ಇಂಥ ಕೈ ಇವತ್ತು ಎಲ್ಲಿ ಹುಡುಕಿದ್ರೂ ಸಿಗಲ್ಲ.”

ಅವಳಿಗೆ ಕಾಲು ನೆಲದ ಮೇಲಿರಲಿಲ್ಲ. ಗಂಡನ ತೋಳು ಹಿಡಿದು, “ಹೇಳ್ರೀ,” ಎಂದಳು.

“ಏನು ಹೇಳಲಿ?”

“ಮುಚ್ಚಳ ನಮ್ಮ ಅಂಗಡೀದು ಅಂತ. ನನ್ನ ಹೆಸರು ಬೇಡ, ನಿಮ್ದೇ ಹೇಳಿ.”

“ಸುಮ್ನಿರು. ಆ ವ್ಯಾಪಾರಿ ಪೂರ್ತಿ ಹಳೇದು ಅಂತ ಮಾರಿದಾನೆ. ಬಾಯಿಬಿಟ್ರೆ ಎಲ್ಲರೂ ಒಳಗೆ ಹೋಗ್ತೀವಿ.”

ಜನ ಚದುರಿದ ಮೇಲೆ ಅವಳೇ ತಜ್ಞನ ಬಳಿ ಹೋದಳು. “ಸರ್, ಆ ಹಕ್ಕಿ ಕಾಲಲ್ಲಿ ಒಂದು ಬೆರಳು ಕಮ್ಮಿ ಇದೆ.”

ಅವನು ಬಗ್ಗಿ ಎಣಿಸಿದ. “ಅರೆ, ಹೌದಲ್ಲ. ಬಹಳ ಸೂಕ್ಷ್ಮವಾಗಿ ನೋಡಿದೀರಿ. ನಾನೇ ಗಮನಿಸಿರಲಿಲ್ಲ.”

“ನೋಡಿ ಹೇಳಿದ್ದಲ್ಲ ಸರ್. ನಾನೇ ಕೆತ್ತಿದ್ದು. ಬಾಗಿಲ ಗಂಟೆ ಆಯ್ತು, ಉಳಿ ಜಾರ್ತು.”

ತಜ್ಞ ಅವಳ ಮುಖ ನೋಡಿದ, ಆಮೇಲೆ ಹಿಂದೆ ನಿಂತಿದ್ದ ಗಂಡನ ಮುಖ ನೋಡಿದ. ಗಂಡ ನಕ್ಕ. “ಇವಳದು ಹೀಗೇ ಸರ್. ಏನೇನೋ ಅನ್ನಿಸ್ತಿರುತ್ತೆ.”

ತಜ್ಞನೂ ನಕ್ಕ. ಮಕ್ಕಳೊಂದಿಗೆ, ಹುಚ್ಚರೊಂದಿಗೆ ನಗುವ ನಗು. ಮನೆಗೆ ಬಂದವಳು ಎಂದಿನಂತೆ ಒಲೆ ಹೊತ್ತಿಸಿದಳು. ಅವನಿಗೆ ಬಡಿಸಿದಳು, ತಾನು ಉಣ್ಣಲಿಲ್ಲ.

ವರ್ಷ ಕಳೆದು ವ್ಯಾಪಾರಿ ಮತ್ತೆ ಬಂದ. ಒಂದು ಕೈಯಲ್ಲಿ ಆ ತಜ್ಞ ಬರೆದ ದಪ್ಪ ಪುಸ್ತಕ, ಇನ್ನೊಂದರಲ್ಲಿ ಮಖಮಲ್ಲಿನಲ್ಲಿ ಸುತ್ತಿದ ಚಿನ್ನದ ತಗಡು. ಹಕ್ಕಿಗೆ ಮೂರು ಬೆರಳಿರುವುದು ಆ ಮಹಾಗುರುವಿನ ಗುಪ್ತ ಸಹಿ ಎಂದು ಪುಸ್ತಕದಲ್ಲಿ ಒಂದು ಅಧ್ಯಾಯವೇ ಇತ್ತು. ಅದನ್ನು ಓದಿದ ಶ್ರೀಮಂತನೊಬ್ಬ ತನಗೂ ಅಂಥದೇ ಮುಚ್ಚಳ ಬೇಕೆಂದಿದ್ದ. ಯಜಮಾನ ಹಿಂದುಮುಂದು ನೋಡದೆ ಒಪ್ಪಿಕೊಂಡ.

“ನಾನು ಮಾಡಲ್ಲ,” ಎಂದಳು ಅವಳು, ವ್ಯಾಪಾರಿ ಹೋದ ಮೇಲೆ.

“ಕೊಟ್ಟ ಮಾತು ಕಣೇ.”

“ಕೊಟ್ಟಿದ್ದು ನೀವು. ನನಗೆ ಏನೇನೋ ಅನ್ನಿಸ್ತಿರುತ್ತೆ, ನನ್ನ ಕೈಲಿ ಎಂಥ ಕೆಲಸ ಆಗುತ್ತೆ?”

ಅವನು ಬೇಡಿದ, ಬೈದ, ಎರಡು ದಿನ ಊಟ ಬಿಟ್ಟ. ಅವಳು ಜಗ್ಗಲಿಲ್ಲ. ಕೊನೆಗೆ ತಾನೇ ಕೂತು ಉಳಿ ಹಿಡಿದ. ಒಳಬಾಗಿಲ ಪರದೆಯ ಬಳಿ ನಿಂತು ಅವಳು ನೋಡಿದಳು. ಚಿನ್ನದ ಮೇಲೆ ಕೋಳಿ ಕೆದರಿದಂತಾಯಿತು. ಅವನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಆದರೂ ಅವಳು ಪರದೆ ದಾಟಲಿಲ್ಲ.

ತಗಡು ಒಯ್ಯಲು ಬಂದ ವ್ಯಾಪಾರಿ ಅದನ್ನು ಕಂಡು ಬಿಳಿಚಿಕೊಂಡ. ಇನ್ನು ದಾರಿಯಿಲ್ಲದೆ ಯಜಮಾನ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದ. ವ್ಯಾಪಾರಿ ನಂಬಲಿಲ್ಲ. ಅವಳು ಹಿತ್ತಾಳೆಯ ಚೂರೊಂದನ್ನು ಎತ್ತಿಕೊಂಡು, ಅವನ ಕಣ್ಣೆದುರೇ ಒಂದು ಗರಿ ಎಳೆದು ಮುಂದೆ ತಳ್ಳಿದಳು. ಅವನು ಭೂತಗನ್ನಡಿ ಇಟ್ಟು ನೋಡಿದ.

“ಸರಿ ಅಮ್ಮಾ. ಬೇರೆ ತಗಡು ಕಳಿಸ್ತೀನಿ, ನೀವೇ ಮಾಡಿ,” ಎಂದ. “ಆದ್ರೆ ಬಾಗಿಲು ಹಾಕ್ಕೊಂಡು ಮಾಡಿ.”

“ಬೇಡ, ತೊಗೊಂಡು ಹೋಗಿ,” ಎಂದು ಅವಳು ಕೆಟ್ಟ ತಗಡನ್ನು ಅವನದೇ ಮಖಮಲ್ಲಿನಲ್ಲಿ ಸುತ್ತಿ ಕೊಟ್ಟಳು.

ಚಿನ್ನದ ಕೆಲಸ ಅಲ್ಲಿಗೆ ನಿಂತಿತು. ಅಲ್ಲಿ ಕೆತ್ತುವುದು ಹೆಂಗಸೆಂಬ ಮಾತು ವ್ಯಾಪಾರಿಯ ಬಾಯಿಂದ ಊರೆಲ್ಲ ಸುತ್ತಿತ್ತು. ಈಗ ಬರುವುದು ಶಾಲೆಯ ಬಹುಮಾನದ ಬಟ್ಟಲು, ಮನೆಬಾಗಿಲಿನ ಹಿತ್ತಾಳೆ ಫಲಕ. ಅವಳು ಬೀದಿಗೆ ಮುಖ ಮಾಡಿ ಕೂತು ಕೆತ್ತುತ್ತಾಳೆ, ಗಂಟೆಯಾದರೆ ಏಳುವುದಿಲ್ಲ. ಗಂಡ ಒಳಗಿರುತ್ತಾನೆ. ಬೇಕು, ಬೇಡ ಎನ್ನುವುದರಾಚೆ ಅವರಲ್ಲಿ ಮಾತು ಕಡಿಮೆ.

ಮೊನ್ನೆ ವಕೀಲನೊಬ್ಬ ಹೆಸರಿನ ಫಲಕ ಮಾಡಿಸಲು ಬಂದ.

“ಯಜಮಾನ್ರು ಇಲ್ವಾ?”

“ಮಲಗಿದಾರೆ. ಏನು ಬರೀಬೇಕು ಹೇಳಿ, ನಾನೇ ಕೆತ್ತೋದು.”

ವಕೀಲ ಅವಳ ಕೈಯಲ್ಲಿದ್ದ ಉಳಿಯನ್ನು ನೋಡಿದ, ಗೋಡೆಯ ಬಳಿಯ ಕುರ್ಚಿಯನ್ನು ನೋಡಿದ.

“ಪರವಾಗಿಲ್ಲ, ಅವರು ಏಳಲಿ. ಕಾಯ್ತೀನಿ,” ಎಂದು ಕೂತುಕೊಂಡ.