ಮುದ್ದಯ್ಯನ ಪಂಚೆಯ ಟೋಪಿ

ಯುಗಾದಿ ಕಳೆದ ಮೇಲೆ ಕಬ್ಬಿನ ಗದ್ದೆಯಲ್ಲಿ ಕಳೆ ಕೀಳುವುದೆಂದರೆ ಬಾಣಲೆಯಲ್ಲಿ ಕೂತಂತೆ. ಸೆರಗು ಹೊದ್ದರೆ ಜಾರುತ್ತದೆ, ಟವೆಲು ಸುತ್ತಿದರೆ ಮುಖಕ್ಕೆ ನೆರಳಿಲ್ಲ. ಅದಕ್ಕೇ ಪಾಂಡವಪುರದ ಹತ್ತಿರದ ಆ ಊರಿನ ಮಹಿಳಾ ಸಂಘದವರು ಹಳೇ ಬಟ್ಟೆಯಲ್ಲಿ ಅಗಲ ಅಂಚಿನ ಟೋಪಿ ಹೊಲಿಯೋಣ ಎಂದುಕೊಂಡರು. ಹೇಳಿಕೊಟ್ಟವರು ಆರೋಗ್ಯ ಸಹಾಯಕಿ ನಾಗಲಕ್ಷ್ಮಮ್ಮ.

ಚಲುವಮ್ಮನ ಮನೆಯಲ್ಲಿದ್ದ ಗಟ್ಟಿ ಬಟ್ಟೆ ಎಂದರೆ ತೀರಿಹೋದ ಮಾವ ಮುದ್ದಯ್ಯನ ಪಂಚೆ. ಸತ್ತವರ ಬಟ್ಟೆಯನ್ನು ಶ್ರೀರಂಗಪಟ್ಟಣದಲ್ಲಿ ಬೂದಿಯ ಜೊತೆಗೇ ಹೊಳೆಗೆ ಬಿಡುವುದು ಆ ಮನೆಯ ವಾಡಿಕೆ. ಈ ಒಂದು ಪಂಚೆ ಹೇಗೋ ಹಗ್ಗದ ಮೇಲೆ ಉಳಿದುಬಿಟ್ಟಿತ್ತು.

"ಹೊಳೆಗೆ ಬುಡೋದ ತಲೆ ಮೇಲೆ ಮಡಿಕತೀಯೇನೇ?" ಎಂದಳು ಅತ್ತೆ ಚಿಕ್ಕಬೋರಮ್ಮ. "ನಿಮ್ಮಾವ ಕೇಳ್ಕಂಡು ಬತ್ತನೆ, ನೋಡ್ತಿರು."

"ಬರ್ಲಿ ಬುಡತ್ತೆ. ಇದ್ದಾಗ ಉಣ್ಣಾಕೂ ಕೂಗಿ ಕೂಗಿ ಕರೀಬೇಕಿತ್ತು."

ಪಂಚೆಯ ಅರ್ಧ ಕತ್ತರಿಸಿ ಚಲುವಮ್ಮ ಟೋಪಿ ಹೊಲಿದಳು. ಅಂಚು ಮಾತ್ರ ಬಾಡಿದ ಎಲೆಯಂತೆ ಜೋತುಬಿತ್ತು. ಕಬ್ಬಿನ ಹುಳಕ್ಕೆ ಹಾಕುವ ಗುಳಿಗೆ ಔಷಧಿಯ ದಪ್ಪ ಪ್ಲಾಸ್ಟಿಕ್ ಚೀಲ ಹಿತ್ತಿಲಲ್ಲಿ ಬಿದ್ದಿತ್ತು. ಅದನ್ನು ತೊಳೆದು, ದುಂಡಗೆ ಕತ್ತರಿಸಿ ಅಂಚಿನೊಳಗೆ ಸೇರಿಸಿದಳು. ಅಂಚು ತಟ್ಟೆಯಂತೆ ನಿಂತಿತು.

ಮರುದಿನ ಮಧ್ಯಾಹ್ನ ಗದ್ದೆಯಲ್ಲಿ ಒಂದು ಗರಿಯೂ ಅಲುಗುತ್ತಿರಲಿಲ್ಲ. ಚಲುವಮ್ಮನ ಕಿವಿಯ ಹಿಂದೆ ಯಾರೋ ಉಸಿರಾಡಿದರು. ತಿರುಗಿದರೆ ಯಾರೂ ಇಲ್ಲ. ಉರಿಬಿಸಿಲೇ ಮುಸ್ಸಂಜೆಯಂತೆ ಮಬ್ಬಾಯಿತು. ಸಾಲಿನ ಕೊನೆಯಲ್ಲಿ ಒಬ್ಬ ಗಂಡಸು ನಿಂತಿದ್ದ, ಬರಿದಲೆ. ಮುಖವಿರಬೇಕಾದ ಕಡೆ ಬರೀ ಮಂಜು. ಬಾಯಿ ತುಂಬ ನೀರೂರಿತು. ಅವಳು ಮನೆಗೆ ಓಡಿದಳು. ಟೋಪಿ ತೆಗೆದು, ಮಿಂದು ಮಲಗಿದ ಮೇಲೆ ಎಲ್ಲ ಸರಿಹೋಯಿತು. ಮಾರನೆಯ ದಿನ ಟೋಪಿ ಹಾಕಿದಳು, ಅವನು ಮತ್ತೆ ಬಂದ. ಈ ಸಲ ಇನ್ನೂ ಹತ್ತಿರ. ಸಂಜೆ ಮನೆಯಲ್ಲಿ ಕಂಡದ್ದನ್ನೆಲ್ಲ ಹೇಳಿದಳು.

"ಏನಂದ?" ಎಂದು ಚಿಕ್ಕಬೋರಮ್ಮ ಮೆಲ್ಲಗೆ ಕೇಳಿದಳು.

"ಏನೂ ಅನ್ನಿಲ್ಲ. ಸುಮ್ಕೆ ನಿಂತಿದ್ರು."

"ಭಾನುವಾರ ಆ ಟೋಪಿಯ ಹೊಳೆಗೆ ಬುಟ್ಟು ಬರಾನ," ಎಂದ ಚಲುವಮ್ಮನ ಗಂಡ ಸಿದ್ದರಾಜು.

ಬೆಳಗ್ಗೆ ಗೂಟದ ಮೇಲೆ ಟೋಪಿ ಇರಲಿಲ್ಲ. ಮನೆಯಲ್ಲಿ ಚಿಕ್ಕಬೋರಮ್ಮನೂ ಇರಲಿಲ್ಲ.

ಹುಡುಕುತ್ತಾ ಬಿಸಿಲೇರಿತು. ಪೋಲಿಯೋ ಹನಿ ಹಾಕಲು ಬಂದಿದ್ದ ನಾಗಲಕ್ಷ್ಮಮ್ಮನೂ ಗಂಡಹೆಂಡಿರ ಜೊತೆ ಗದ್ದೆಗೆ ಬಂದರು. ಕಬ್ಬಿನ ನಡುವೆ ಮುದುಕಿ ಕೂತಿದ್ದಳು. ಟೋಪಿ ಕಿವಿಯವರೆಗೆ ಇಳಿದಿತ್ತು. ಬಾಯಿಂದ ಜೊಲ್ಲು, ಕೈ ತಾನಾಗಿ ಅದುರುತ್ತಿತ್ತು. ಖಾಲಿ ಸಾಲಿಗೆ ಹೇಳುತ್ತಿದ್ದಳು: "ಇನ್ನೊಸಿ ಹತ್ರ ಬಾ. ಮಖ ಕಾಣಾಕಿಲ್ಲ."

ಮೂವರೂ ಅತ್ತ ತಿರುಗಿದರು. ಅಲ್ಲಿ ಯಾರೂ ಇರಲಿಲ್ಲ. ತಿರುಗದೆ ಇರಲು ಮಾತ್ರ ಯಾರಿಂದಲೂ ಆಗಲಿಲ್ಲ.

"ಮುಟ್ಬ್ಯಾಡಿ ಮೇಡಮ್ಮೋರೆ, ಅಪ್ಪ ಮೆಟ್ಕಂಡವ್ನೆ!" ಎಂದ ಸಿದ್ದರಾಜು.

ನಾಗಲಕ್ಷ್ಮಮ್ಮ ಮುದುಕಿಯ ರೆಪ್ಪೆ ಎತ್ತಿದರು. ಕಣ್ಣಿನ ಕಪ್ಪು ಬೊಟ್ಟು ರಾಗಿ ಕಾಳಿನಷ್ಟಕ್ಕೆ ಕುಗ್ಗಿತ್ತು. ಟೋಪಿ ಕಿತ್ತು ಅಂಚಿನ ಹೊಲಿಗೆ ಹರಿದರು. ಪ್ಲಾಸ್ಟಿಕ್ಕಿನ ಜೊತೆ ಘಾಟು ಹೊರಬಂತು.

"ನಿಮ್ಮಪ್ಪನ ಯಾಕಪ್ಪ ಬೈತೀಯ? ಔಷಧಿ ಇದು. ಬೆವರಿನ ಜತೆ ನೆತ್ತಿಗೆ ಇಳೀತಾದೆ."

"ತೊಳ್ದಿದ್ದೆ ಕಣಮ್ಮ!" ಚಲುವಮ್ಮ ಅತ್ತಳು.

"ತೊಳುದ್ರೆ ಹೋಗೋ ವಿಷ ಅಲ್ಲ ಇದು. ಅಳೋದು ಆಮೇಲೆ. ಸೀರೆ ಬಿಚ್ಚಿ ತಲೆ, ಮೈ ಸೋಪಾಕಿ ತೊಳಿ. ಸಿದ್ದರಾಜು, ಟ್ರಾಕ್ಟರು ತರ್ಸು. ಬರಿಗೈಲಿ ಮುಟ್ದಂಗೆ ಆ ಚೀಲನೂ ತಗೊ, ಡಾಕ್ಟ್ರು ಔಷಧಿ ಹೆಸ್ರು ನೋಡ್ಬೇಕು."

ಆ ರಾತ್ರಿ ಕಳೆಯುವುದು ಕಷ್ಟ ಎಂದರು ಆಸ್ಪತ್ರೆಯಲ್ಲಿ. ಕಳೆಯಿತು. ಕೆಲವು ದಿನಕ್ಕೆ ಮುದುಕಿ ಮನೆಗೆ ಬಂದಳು.

ಆ ಟೋಪಿಯನ್ನೂ ಚೀಲವನ್ನೂ ನೀರಿನಿಂದ ದೂರ, ಆಳಕ್ಕೆ ಹೂತರು. ಪಂಚೆಯ ಇನ್ನರ್ಧ ಪೆಟ್ಟಿಗೆಯಲ್ಲೇ ಇತ್ತು. ಅದನ್ನು ಕುದಿಸಿ, ಬಿಸಿಲಿಗೆ ಒಣಗಿಸಿ ಚಲುವಮ್ಮ ಇನ್ನೊಂದು ಟೋಪಿ ಹೊಲಿದಳು. ಈ ಸಲ ಅಂಚಿಗೆ ಹಳೇ ಸೀರೆಯ ನಾಲ್ಕು ಪದರ, ಒತ್ತೊತ್ತಾದ ಹೊಲಿಗೆ, ಮೇಲೆ ಗಂಜಿ. ಹಾಕಿಕೊಂಡವಳು ಚಿಕ್ಕಬೋರಮ್ಮ. ತಡೆದರೂ ಕೇಳಲಿಲ್ಲ.

ಮಧ್ಯಾಹ್ನ ಗದ್ದೆಯಲ್ಲಿ ಗಾಳಿ ನಿಂತಿತು. ಮುದುಕಿ ಸಾಲಿನ ಕೊನೆಯನ್ನೇ ನೋಡುತ್ತಾ ನಿಂತಳು. ಚಲುವಮ್ಮ ಕಳೆ ಕೈಬಿಟ್ಟು ಹತ್ತಿರ ಬಂದಳು.

"ಬಂದ್ರಾ ಅತ್ತೆ?"

"ಇಲ್ಲ ಕಣೆ. ಒಂದೊಂದು ಗರಿನೂ ಕಾಣ್ತದೆ. ಅವ್ನೊಬ್ನು ಕಾಣಾಕಿಲ್ಲ." ಮುದುಕಿ ಟೋಪಿ ಬಿಗಿಮಾಡಿಕೊಂಡಳು. "ನಿಂತ್ಕಂಡು ಏನ್ ನೋಡ್ತೀಯ? ಕಳೆ ಕೀಳು ಬಾ."

ಅಕ್ಕಂದಿರೇ, ಅಣ್ಣಂದಿರೇ, ಹಳೇ ಪಂಚೆ ಸೀರೆಗಳನ್ನು ಹೊಳೆಗೂ ತಿಪ್ಪೆಗೂ ಹಾಕಬೇಡಿ. ಕುದಿಸಿ ಒಣಗಿಸಿ ಟೋಪಿ ಮಾಡಿ, ಅದು ಯಾರದೇ ಬಟ್ಟೆಯಾಗಿರಲಿ. ಔಷಧಿಯ ಚೀಲ, ಡಬ್ಬ ಮಾತ್ರ ತೊಳೆದರೂ ಬೇಡ. ಗದ್ದೆಯಲ್ಲಿ ಕಣ್ಣು ಮಬ್ಬಾಗಿ, ಜೊಲ್ಲು ಸುರಿದು, ಇಲ್ಲದವರು ಕಂಡರೆ ಮಂತ್ರ ಹಾಕಿಸಲು ಹೋಗಬೇಡಿ. ಮೈ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ನಾಳೆ ಬಿಸಿಲಿಗೆ ಇಳಿಯುವ ಮೊದಲು, ನಿಮ್ಮ ಮನೆಯವರ ಟೋಪಿಯ ಅಂಚಿನೊಳಗೆ ಏನಿದೆ, ಹೊಲಿಗೆ ಬಿಚ್ಚಿ ನೋಡಿ.