ಸಾಕು ಎಂಬ ನಾಯಿ

೧

ಬೊಗಳುವುದರಿಂದ ಶುರುಮಾಡಲೇ, ಬೊಗಳುವುದು ನಿಂತ ದಿನದಿಂದಲೇ? ಮೊದಲ ಡ್ರಾಫ್ಟು ಹೀಗಿತ್ತು: 'ಕಪ್ಪು ಬೆಲ್ಟು, ಅದಕ್ಕೊಂದು ಕರೆಂಟಿನ ಡಬ್ಬಿ, ದೊಡ್ಡಪ್ಪನ ಕೈಯಲ್ಲಿ ರಿಮೋಟು.' ಮಂಚದ ಮೇಲೆ ಕೂತು ಫೋನಿನಲ್ಲಿ ಓದಿದ ದೊಡ್ಡಮ್ಮ, "ಏನೋ ಇದು, ಟಿವಿ ಕಥೆನಾ?" ಎಂದಳು. ಹರಿದೆಸೆದೆ. (ಡಿಲೀಟ್ ಮಾಡಿದ್ದಷ್ಟೇ. ಹರಿದೆ ಎಂದರೆ ಸ್ವಲ್ಪ ಸಾಹಿತಿಯ ಹಾಗೆ ಕೇಳಿಸುತ್ತದೆ.)

೨

ಹಾಗಾದರೆ ಹೆಸರಿನಿಂದ. ದೊಡ್ಡಪ್ಪ ಟೈಲರು, ಬೀದಿಗೆ ತೆರೆದ ಮುಂದಿನ ಕೋಣೆಯೇ ಅಂಗಡಿ. ದೊಡ್ಡಮ್ಮ ಚೀಲದಲ್ಲಿ ನಾಯಿಮರಿ ತಂದಾಗ ಅವನು ಮಿಷನ್ನಿನಿಂದ ತಲೆ ಎತ್ತದೆ, "ಸಾಕು!" ಎಂದ. ಇರುವ ಗಲಾಟೆಯೇ ಬೇಕಾದಷ್ಟಿದೆ ಎಂಬ ಅರ್ಥದಲ್ಲಿ. ದೊಡ್ಡಮ್ಮ ತನಗೆ ಬೇಕಾದ ಅರ್ಥ ಹಿಡಿದಳು.

"ಸಾಕು ಅಂತ ನೀವೇ ಅಂದ್ರಲ್ಲ. ಸಾಕ್ತೀನಿ."

ಹೆಸರೂ ಅದೇ ಆಯಿತು.

ಈಗ ಅಂಗಡಿಯೂ ಇಲ್ಲ, ನಾಯಿಯೂ ಇಲ್ಲ. ಆದರೆ ಆ ಊಟಗಳು! ಯಾರಾದರೂ ತಟ್ಟೆಗೆ ಕೈ ಅಡ್ಡ ಹಿಡಿದು "ಸಾಕು, ಸಾಕು" ಅಂದರೆ ಮುಗಿಯಿತು, ಎಲ್ಲಿದ್ದರೂ ಬಾಲ ಬೀಸುತ್ತ ಹಾಜರು. ಗಿರಾಕಿ "ಉದ್ದ ಇಷ್ಟು ಸಾಕು" ಅಂದರೂ ಅಳತೆ ಟೇಪಿನ ಕೆಳಗೆ ಅದರ ಮೂತಿ.

೩

(ಇಲ್ಲಿ ಬೆಲ್ಟು ಬರಬೇಕು. ನನಗಿಷ್ಟವಿಲ್ಲ. ಬಂತು.)

ಗಿರಾಕಿಗಳ ಮೇಲೆ ಬೊಗಳುವುದು ಹೆಚ್ಚಾಗಿ, ಮನೆ ಮಾಲೀಕ "ನಾಯಿ ಇರ್ಲಿ, ಇಲ್ಲ ನೀವಿರಿ" ಎಂದ. ದೊಡ್ಡಮ್ಮ ತಂಗಿಯ ಮನೆಗೆ ಹೋಗಿದ್ದ ವಾರ ದೊಡ್ಡಪ್ಪ ತರಬೇತಿಯವರನ್ನು ಕರೆಸಿದ. ಬೀದಿ ಅವರನ್ನು ನಾಯಿಮೇಷ್ಟ್ರು ಅನ್ನುತ್ತಿತ್ತು. ತಳಿ ಕೇಳಿದರು, ವಯಸ್ಸು ಕೇಳಿದರು, ತೂಕ ಕೇಳಿದರು. ಹೆಸರು ಕೇಳಲಿಲ್ಲ.

ಅದರ ಕೊರಳಿಗೆ ಬೆಲ್ಟು ಬಿಗಿದು, ರಿಮೋಟು ದೊಡ್ಡಪ್ಪನ ಕೈಗಿಟ್ಟರು. "ಬೊಗಳಿದ ತಕ್ಷಣ ಒಂದು ಪದ ಹೇಳಿ, ಗುಂಡಿ ಒತ್ತಿ. ದಿನಾ ಅದೇ ಪದ."

"ಯಾವ್ದು?"

"ಬಾಯಿಗೆ ಸಲೀಸಾಗಿ ಬರೋದು."

ದೊಡ್ಡಪ್ಪನ ಬಾಯಿಗೆ ಸಲೀಸಾಗಿ ಬಂದದ್ದು ಯಾವುದೆಂದು ನಿಮಗೆ ಗೊತ್ತು. ಅವನು ನಾಯಿಯನ್ನು ಎಂದೂ ಹೆಸರು ಹಿಡಿದು ಕರೆದವನಲ್ಲ. ದೊಡ್ಡಮ್ಮನೆದುರು "ನಿನ್ನ ಮಗ" ಅನ್ನುತ್ತಿದ್ದ.

೪

ದೊಡ್ಡಮ್ಮ ಬಂದವಳೇ ಬಾಗಿಲಿನಿಂದ "ಸಾಕೂ!" ಎಂದು ಕೂಗಿದಳು. ನಾಯಿ ಮಂಚದಡಿ ನುಗ್ಗಿ ಗೋಡೆಗೆ ಅಂಟಿಕೊಂಡಿತು.

"ಏನ್ ಮಾಡಿದ್ರಿ ಇದಕ್ಕೆ?"

"ಬೊಗಳೋದು ನಿಂತಿದೆ ನೋಡು."

"ನಾನು ಕರೆದ್ರೆ ಓಡಿಹೋಗುತ್ತಲ್ರೀ!"

ದೊಡ್ಡಪ್ಪ ಮಂಚದಡಿ ತೆವಳಿ ಬೆಲ್ಟು ಬಿಚ್ಚಿ ತಂದ. ತನ್ನ ಮುಂಗೈಗೆ ಒತ್ತಿ ಹಿಡಿದು ಗುಂಡಿ ಅದುಮಿದ. ಆಮೇಲೆ ಬಹಳ ಹೊತ್ತು ಸೂಜಿಗೆ ದಾರ ಪೋಣಿಸಲು ಅವನಿಂದಾಗಲಿಲ್ಲ.

"ಹೆಸರು ಬದಲಾಯ್ಸೋಣ್ವಾ?"

"ನಿಮ್ದು ಬೇಕಾದ್ರೆ ಬದಲಾಯ್ಸಿ."

ಅಂದಿನಿಂದ ಮನೆಯಲ್ಲಿ ಆ ಪದ ನಿಂತಿತು. ಬೇಡವೆನ್ನಲು ಪದವಿಲ್ಲದೆ ಎಲ್ಲರೂ ಬಡಿಸಿದಷ್ಟೂ ತಿಂದು ದಪ್ಪಗಾದೆವು.

೫

ಈಗ ಮುಗಿಸಬೇಕು. ಒಂದು ಮುಕ್ತಾಯ: ಅವಳು ಕರೆದಳು, ನಾಯಿ ಓಡಿಬಂದು ಮೈಮೇಲೆ ಬಿತ್ತು.

"ಸುಳ್ಳು," ಎಂದಳು ದೊಡ್ಡಮ್ಮ.

ಇನ್ನೊಂದು: ನಾಯಿ ಮತ್ತೆಂದೂ ಅವಳ ಕರೆಗೆ ಬರಲಿಲ್ಲ.

"ನಿನ್ ಬಾಯಿಗಿಷ್ಟು ಮಣ್ಣು ಹಾಕ!"

"ಮತ್ತೇನಾಯ್ತು, ನೀನೇ ಹೇಳು."

"ಮಧ್ಯಾಹ್ನ ನೆಲದ ಮೇಲೆ ಕೂತು ಗುಂಡಿ ಹೊಲೀತಿದ್ದೆ. ಮೆಲ್ಲಗೆ ಹೆಸರು ಹೇಳ್ತಿದ್ದೆ, ಅದಕ್ಕಲ್ಲ, ಸುಮ್ನೆ ನನ್ನಷ್ಟಕ್ಕೆ. ಒಂದಿನ ಮಂಚದಡಿಯಿಂದ ಒಂದು ಕಾಲು ಹೊರಗಿಡ್ತು."

"ಆಮೇಲೆ?"

"ಅಷ್ಟೇ ಬರಿ."

"ಮಿಕ್ಕ ಮೂರು ಕಾಲೆಲ್ಲಿ ಅಂತ ಓದೋರು ಕೇಳ್ತಾರೆ."

"ಕೇಳ್ಲಿ. ಅವಸರ ಅವರಿಗಿರ್ಬಹುದು, ಅದಕ್ಕಿರ್ಲಿಲ್ಲ."

"ಪೂರ್ತಿ ಹೊರಗೆ ತರೋಕೆ ನನಗೆ ಒಂದೇ ಸಾಲು ಸಾಕು, ದೊಡ್ಡಮ್ಮ."

ಆ ಪದ ಕಿವಿಗೆ ಬಿದ್ದದ್ದೇ ಅವಳು ಮಂಚದ ಅಂಚು ಹಿಡಿದು, ಕೆಳಗೆ ಬಗ್ಗಿ ನೋಡುತ್ತಿದ್ದಾಳೆ