ಹಾಳೆಯಲ್ಲಿ ಮಾತ್ರ ಉಳಿದ ಹುಳುಗಳು

ವಾರವಿಡೀ ಒಲೆಯ ಮುಂದೆ ನಿಂತವರಿಗೆ ರಜೆಯ ದಿನ ಹಾಸಿಗೆ ಬಿಟ್ಟೇಳುವುದು ಎಷ್ಟು ಕಷ್ಟ ಎಂದು ನಮಗೆಲ್ಲ ಗೊತ್ತು. ಲಂಡನ್ನಿನ ಕ್ರೋಯ್ಡನ್‌ನ ಶೀನಪ್ಪನಿಗೆ ಸೋಮವಾರ ಒಂದೇ ರಜೆ. ಕುಂದಾಪುರದವನು, ಇಲ್ಲಿಯ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಾನೆ. ಹೆಂಡತಿ ಚಂಪಾ ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮಿನಲ್ಲಿ ಕೆಲಸಕ್ಕಿದ್ದಾಳೆ.

ಅವರ ಕೆಳಗಿನ ಫ್ಲಾಟಿನಲ್ಲಿ ಡಾಕ್ಟರ್ ಉಮಾಶಂಕರ ಇದ್ದರು. ಧಾರವಾಡದವರು, ನಿವೃತ್ತರು. ಫ್ಲಾಟುಗಳ ಹಿಂದೆ ನಗರಾಡಳಿತದ ಕೌನ್ಸಿಲ್ ರಕ್ಷಿಸಿಟ್ಟ ಚಿಕ್ಕ ಕಾಡಿದೆ, ಅದರೊಳಗೊಂದು ತೊರೆ. ಪ್ರತಿ ತಿಂಗಳ ಮೊದಲ ಸೋಮವಾರ ಡಾಕ್ಟರು ಬೂಟು ಹಾಕಿ ತೊರೆಗಿಳಿದು, ಕಾಲಿನಿಂದ ತಳ ಕದಡಿ, ಬಲೆಗೆ ಬಂದದ್ದನ್ನು ಬಿಳಿ ಟ್ರೇಗೆ ಸುರಿದು ಎಣಿಸಿ, ಲೆಕ್ಕವನ್ನು ಕಾಡು ನೋಡಿಕೊಳ್ಳುವ ವಾರ್ಡನ್‌ಗೆ ಕಳಿಸುತ್ತಿದ್ದರು. ಉಗುರಿನಷ್ಟೇ ಇರುವ ಚಟ್ಲಿ ಸೀಗಡಿ, ಕಲ್ಲಿಗಂಟಿದ ಹುಳುಗಳು. ಹನ್ನೊಂದು ವರ್ಷ ಒಂದು ತಿಂಗಳೂ ತಪ್ಪಿಸಿರಲಿಲ್ಲ.

ಶೀನಪ್ಪನಿಗೆ ಇದು ಕೆಲಸವಿಲ್ಲದವರ ಕೆಲಸವಾಗಿ ಕಂಡಿತ್ತು. "ಬೇಲಿ ಹಾಕಿ ಬೋರ್ಡ್ ನಿಲ್ಸಿದ್ರಲ್ಲ ಡಾಕ್ಟ್ರೆ, ಮತ್ತೆ ಹುಳ ಎಣ್ಸುದ್ ಎಂತಕ್ಕೆ?" ಎಂದು ಒಮ್ಮೆ ಕೇಳಿದ.

"ಬೋರ್ಡ್ ಕಾಡು ಕಾಯೂದಿಲ್ಲಪಾ. ಪೇಷಂಟ್ ಅಡ್ಮಿಟ್ ಆದ ಮ್ಯಾಲೂ ದಿನಾ ನಾಡಿ ನೋಡಬೇಕಲ್ಲ," ಎಂದರು ಡಾಕ್ಟರು. ನೀರು ಕೆಟ್ಟರೆ ಮೊದಲು ಸಾಯುವುದು ಹುಳು, ಆಮೇಲೆ ಮೀನು. ಹುಳುಗಳ ಲೆಕ್ಕ ಕುಸಿದ ವಾರದಲ್ಲೇ ಪರಿಸರ ಇಲಾಖೆಯ ಅಧಿಕಾರಿಗಳು ಬಂದು ಕಾರಣ ಹುಡುಕುತ್ತಾರೆ ಎಂದೂ ತಿಳಿಸಿದರು.

ಆ ಚಳಿಗಾಲ ಡಾಕ್ಟರಿಗೆ ಹೃದಯದ ಆಪರೇಷನ್ ಆಯಿತು. ಎರಡು ತಿಂಗಳ ಮಟ್ಟಿಗೆ ಬಲೆ, ಟ್ರೇಗಳನ್ನು ಶೀನಪ್ಪನಿಗೆ ಕೊಟ್ಟು, ಎಣಿಸುವುದು ಹೇಗೆಂದು ಕಲಿಸಿದರು. ಶೀನಪ್ಪ ಒಪ್ಪಿಕೊಂಡ. ಆದರೆ ಫೆಬ್ರವರಿಯ ಆ ಸೋಮವಾರ ಕೊರೆಯುವ ಮಳೆ. ಅವನು ಮನೆಯಲ್ಲೇ ಕೂತು ಹಿಂದಿನ ತಿಂಗಳ ಅಂಕಿಗಳನ್ನು ತುಸು ತಿದ್ದಿ ಕಳಿಸಿಬಿಟ್ಟ. ಚಂಪಾ ತಡೆದಾಗ, "ಯಾರ್ ಕಾಣ್ತ್ರ್?" ಎಂದ. ಮಾರ್ಚ್‌ನಲ್ಲೂ ಹಾಗೆಯೇ ಮಾಡಿದ.

ಏಪ್ರಿಲ್ ಮೊದಲ ವಾರ ಚಂಪಾ ಕೆಲಸ ಮುಗಿಸಿ ಕಾಡಿನ ದಾರಿಯಲ್ಲಿ ಬರುವಾಗ ತೊರೆಯ ತುಂಬ ಸೋಪಿನ ನೊರೆ ಕಂಡಿತು. ನೊರೆಯ ನಡುವೆ ಹೊಟ್ಟೆ ಮೇಲಾದ ಟ್ರೌಟ್ ಮೀನುಗಳು. ಅವಳು ಕರೆದಳೆಂದು ಶೀನಪ್ಪ ಓಡಿಬಂದ. ಮೊಳದುದ್ದದ ಮೀನುಗಳು. ಕೆಲವು ಇನ್ನೂ ಬಾಯಿ ತೆರೆದು ಮುಚ್ಚುತ್ತಿದ್ದವು. ಮೀನು ತಿಂದೇ ಬೆಳೆದ ಅವನಿಗೂ ಅದನ್ನು ನೋಡಲಾಗಲಿಲ್ಲ.

ಅಧಿಕಾರಿಗಳು ಕಾರಣ ಕಂಡುಹಿಡಿದರು. ಮೇಲಿನ ಬೀದಿಯ ಕೆಲವು ಮನೆಗಳ ವಾಷಿಂಗ್ ಮೆಷಿನ್ ನೀರು, ಪೈಪನ್ನು ತಪ್ಪಾಗಿ ಜೋಡಿಸಿದ್ದರಿಂದ, ಜನವರಿಯ ಕೊನೆಯಿಂದಲೇ ತೊರೆಗೆ ಸೇರುತ್ತಿತ್ತು. ಎರಡು ತಿಂಗಳ ವರದಿಯಲ್ಲಿ ಮಾತ್ರ ಹುಳುಗಳು ಸುಖವಾಗಿದ್ದವು.

ಶೀನಪ್ಪ ಡಾಕ್ಟರ ಮನೆಗೆ ಹೋದ. ಅವರು ಆಪರೇಷನ್ನಿನ ಸುಸ್ತಿನಲ್ಲಿ ದಿಂಬಿಗೆ ಒರಗಿದ್ದರು. "ನಾನ್ ತೊರೆಗೆ ಹೋಯ್ಲೇ ಇಲ್ಲ, ಡಾಕ್ಟ್ರೆ," ಎಂದ.

ಅವರು ಕೈಯೂರಿ ನೆಟ್ಟಗೆ ಕೂತರು. ಆಮೇಲೆ ಮೆಲ್ಲಗೆ ಹೇಳಿದರು: "ಹಾಳಿ ಖಾಲಿ ಬಿಟ್ಟಿದ್ರ ಯಾಕಂತ ಕೇಳ್ಕೋತ ಆಫೀಸರ್ ಮಂದಿ ಬರ್ತಿದ್ರು, ಶೀನಪ್ಪ. ಎಲ್ಲಾ ಛಲೋ ಐತಿ ಅಂತ ಬರದಿ. ಅದಕ್ಕ ಯಾರೂ ಬರಲಿಲ್ಲ."

ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಅವರು ಬೈಯಲಿಲ್ಲ. ಆ ಎರಡು ತಿಂಗಳ ಅಂಕಿ ಸುಳ್ಳು, ಅಳಿಸಿಹಾಕಿ ಎಂದು ಕಾಡಿನ ವಾರ್ಡನ್‌ಗೆ ಇಬ್ಬರೂ ಸೇರಿ ಪತ್ರ ಬರೆದರು.

ಮೇ ತಿಂಗಳಲ್ಲಿ ಶೀನಪ್ಪ ತೊರೆಗಿಳಿದ. ಚಂಪಾ ದಡದಲ್ಲಿ ಟ್ರೇ ಹಿಡಿದಳು. ಮೂರು ಸಲ ಬಲೆ ಎತ್ತಿದರೂ ಮರಳು, ಕೊಳೆತ ಎಲೆ, ಅಷ್ಟೆ. ಅವನು ಡಾಕ್ಟರಿಗೆ ಫೋನ್ ಮಾಡಿ ಏನು ಬರೆಯಲಿ ಎಂದು ಕೇಳಿದ.

"ಸೊನ್ನಿ ಬರಿ," ಎಂದರು.

ಆ ಶರತ್ಕಾಲದಲ್ಲಿ ಡಾಕ್ಟರು ತೀರಿಕೊಂಡರು. ಮರುವರ್ಷ ಟ್ರೇಯಲ್ಲಿ ನಾಲ್ಕು ಚಟ್ಲಿ ಸಿಕ್ಕವು; ತೋರಿಸಲು ಅವರಿರಲಿಲ್ಲ. ಟ್ರೌಟ್ ಇವತ್ತಿಗೂ ಮರಳಿಲ್ಲ. ದಂಪತಿ ಮಾತ್ರ ಆ ಮೇ ತಿಂಗಳಿನಿಂದ ಯಾವ ತಿಂಗಳೂ ತಪ್ಪಿಸಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಹತ್ತಿರವೂ ರಕ್ಷಿತ ಕಾಡೋ ಕೊಳವೋ ಇದ್ದೀತು. ಅದರ ನಾಡಿ ಯಾರು ನೋಡುತ್ತಿದ್ದಾರೆ ಎಂದು ಕೌನ್ಸಿಲ್‌ಗೆ ಫೋನ್ ಮಾಡಿ ಕೇಳಿ. ತಿಂಗಳಿಗೊಂದು ಬೆಳಗ್ಗೆ ನೀವೂ ಹೋಗಿ. ಹೋಗಲಾಗದಿದ್ದರೆ ಹೋಗಲಿಲ್ಲ ಎಂದು ತಿಳಿಸಿ, ನಾಚಿಕೆಯೇನಿಲ್ಲ. ಕಾಣದ್ದನ್ನು ಕಂಡೆ ಎಂದು ಮಾತ್ರ ಬರೆಯಬೇಡಿ.